ಯಂತ್ರ ಮೋಸ ಮಾಡುತ್ತಿಲ್ಲ, ಆದರೂ ಜೇಬು ಖಾಲಿ: ಸ್ಲಾಟ್ ಮಷೀನ್ ಸಾಫ್ಟ್‌ವೇರ್ ಪರೀಕ್ಷೆ ಏನನ್ನು ನೋಡುತ್ತದೆ, ಏನನ್ನು ಬಿಡುತ್ತದೆ?

2016ರ ಆಗಸ್ಟ್ ತಿಂಗಳು. ನ್ಯೂಯಾರ್ಕ್‌ನ ರೆಸಾರ್ಟ್ಸ್ ವರ್ಲ್ಡ್ ಕ್ಯಾಸಿನೊದಲ್ಲಿ ಸ್ಲಾಟ್ ಮಷೀನ್ ಮುಂದೆ ಕುಳಿತಿದ್ದ ಮಹಿಳೆಯೊಬ್ಬರಿಗೆ ಪರದೆ ಮೇಲೆ ಒಂದು ಮೊತ್ತ ಕಾಣಿಸಿತು: 42,949,672.76 ಡಾಲರ್. ಅಂದರೆ ಸುಮಾರು 4 ಕೋಟಿ 29 ಲಕ್ಷ ಡಾಲರ್. ಆಕೆ ಮಷೀನ್ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಮರುದಿನ ಕ್ಯಾಸಿನೊ ಸಿಬ್ಬಂದಿ ಹೇಳಿದ್ದು ಬೇರೆಯೇ ಮಾತು: ನೀವೇನೂ ಗೆದ್ದಿಲ್ಲ, ಯಂತ್ರ ಕೆಟ್ಟಿತ್ತು. ಆಕೆಯ ಮುಂದಿಟ್ಟದ್ದು 2.25 ಡಾಲರ್ ಮತ್ತು ಒಂದು ಹೊತ್ತಿನ ಊಟ. ಆ ಮಷೀನಿನಲ್ಲಿ ಗೆಲ್ಲಬಹುದಾಗಿದ್ದ ಗರಿಷ್ಠ ಮೊತ್ತವೇ 6,500 ಡಾಲರ್ ಆಗಿತ್ತು.

ಸುದ್ದಿ ಜಗತ್ತಿನಾದ್ಯಂತ ಓಡಾಡಿತು. ಆದರೆ ಸಾಫ್ಟ್‌ವೇರ್ ಬಲ್ಲವರು ಅದರಲ್ಲಿ ಗಮನಿಸಿದ್ದು ಊಟವನ್ನಲ್ಲ, ಆ ಅಂಕಿಗಳನ್ನು. ಕಂಪ್ಯೂಟರ್‌ನಲ್ಲಿ 32 ಬಿಟ್‌ಗಳ ಜಾಗಕ್ಕೆ ಹಿಡಿಸುವ ಸಂಖ್ಯೆಗಳು ಒಟ್ಟು 429,49,67,296. ಪರದೆಯ ಮೊತ್ತವನ್ನು ಸೆಂಟ್‌ಗಳಲ್ಲಿ ಬರೆದರೆ 429,49,67,276. ವ್ಯತ್ಯಾಸ ಬರೀ 20. ಸೊನ್ನೆಗಿಂತ ಕೆಳಗಿನ ಸಂಖ್ಯೆಯನ್ನು ಇಟ್ಟುಕೊಳ್ಳಲಾಗದ ಖಾನೆಯಲ್ಲಿ 'ಮೈನಸ್ 20' ಬಂದು ಕುಳಿತರೆ ಕಾಣಿಸುವುದು ಸರಿಯಾಗಿ ಇದೇ ಅಂಕಿ. ಇಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ಸಿ ಪ್ರೋಗ್ರಾಮಿಂಗ್ ಪಾಠದಲ್ಲಿ ಬರುವ ತಪ್ಪಿದು. ನಾಲ್ಕು ಕೋಟಿ ಡಾಲರ್ ಎಂದು ಹೊಳೆದದ್ದು, ಲೆಕ್ಕದ ಪ್ರಕಾರ, ಇಪ್ಪತ್ತು ಸೆಂಟ್ ಸಾಲ.

ಹಣ ನುಂಗುವ ಯಂತ್ರದಲ್ಲಿ ಇಂಥ ತಪ್ಪು ನುಸುಳದಂತೆ ನೋಡಿಕೊಳ್ಳಲೆಂದೇ ಜಗತ್ತಿನಲ್ಲಿ ಒಂದು ದೊಡ್ಡ ಪರೀಕ್ಷಾ ವ್ಯವಸ್ಥೆ ಇದೆ. ಯಂತ್ರಗಳ ಕೋಡ್ ಬರೆಯುವ ಮತ್ತು ಪರೀಕ್ಷಿಸುವ ಕೆಲಸದ ಒಂದು ಪಾಲು ನಡೆಯುತ್ತಿರುವುದು ಚೆನ್ನೈ, ಬೆಂಗಳೂರು, ಪುಣೆ, ನೋಯ್ಡಾಗಳ ಐಟಿ ಕಚೇರಿಗಳಲ್ಲಿ. ಕನ್ನಡಿಗರ ಮನೆಗಳಲ್ಲೂ ಈ ಕ್ಷೇತ್ರದ ಉದ್ಯೋಗಿಗಳಿದ್ದರೆ ಅಚ್ಚರಿಯಿಲ್ಲ. 'ಗೇಮಿಂಗ್ ಕಂಪನಿ' ಎಂದರೆ ಮಕ್ಕಳ ವಿಡಿಯೋ ಗೇಮ್ ಎಂದು ಮನೆಯವರು ತಿಳಿದುಕೊಂಡಿರುತ್ತಾರೆ, ಅಷ್ಟೇ.

ಈ ಪರೀಕ್ಷೆ ಎಷ್ಟು ಕಟ್ಟುನಿಟ್ಟು? ಅದಕ್ಕಿಂತ ಮುಖ್ಯವಾಗಿ, ಅದು ಯಾವ ಪ್ರಶ್ನೆ ಕೇಳುತ್ತದೆ, ಯಾವುದನ್ನು ಕೇಳುವುದೇ ಇಲ್ಲ? ಆನ್‌ಲೈನ್ ಹಣದ ಆಟಗಳನ್ನು ಭಾರತ ಕಾನೂನು ತಂದು ನಿಷೇಧಿಸಿದ ಮೇಲೂ ಮಾಂಡವಿ ನದಿಯ ಹಡಗುಗಳಲ್ಲಿ ಯಂತ್ರಗಳು ತಿರುಗುತ್ತಲೇ ಇರುವುದರಿಂದ ಈ ಪ್ರಶ್ನೆಗೆ ಈಗ ತೂಕ ಬಂದಿದೆ.

ತಿರುಗುವ ಚಕ್ರ ಬರೀ ತೋರಿಕೆ

19ನೇ ಶತಮಾನದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೆಕ್ಯಾನಿಕ್ ಚಾರ್ಲ್ಸ್ ಫೇ 'ಲಿಬರ್ಟಿ ಬೆಲ್' ಎಂಬ ಮೂರು ಚಕ್ರಗಳ ಯಂತ್ರ ಕಟ್ಟಿದಾಗ ಲೆಕ್ಕ ಕಣ್ಣೆದುರೇ ಇತ್ತು. ಚಕ್ರ ಎಲ್ಲಿ ನಿಲ್ಲುತ್ತದೋ ಅದೇ ಫಲಿತಾಂಶ. ಜಾತ್ರೆಯಲ್ಲಿ ಅಂಕಿ ಬರೆದ ಚಕ್ರ ತಿರುಗಿಸಿ ದುಡ್ಡು ಕಟ್ಟಿಸಿಕೊಳ್ಳುವವನ ಆಟಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಚಕ್ರದಲ್ಲಿ ಎಷ್ಟು ಮನೆಗಳಿವೆ ಎಂದು ಎಣಿಸಬಲ್ಲವನಿಗೆ ಗೆಲ್ಲುವ ಸಾಧ್ಯತೆಯೂ ಅಂದಾಜಿಗೆ ಸಿಗುತ್ತದೆ.

ಈ ಲೆಕ್ಕ ಬದಲಾದದ್ದು 1984ರಲ್ಲಿ. ಆ ವರ್ಷ ಇಂಗೆ ಟೆಲ್ನೆಸ್ ಎಂಬಾತನಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಆತನ ಉಪಾಯ ಸರಳ. ಚಕ್ರ ಎಲ್ಲಿ ನಿಲ್ಲಬೇಕು ಎಂಬುದನ್ನು ಚಕ್ರ ನಿರ್ಧರಿಸುವುದು ಬೇಡ, ಕಂಪ್ಯೂಟರ್ ಚಿಪ್ ಒಂದು ಸಂಖ್ಯೆ ಆರಿಸಲಿ, ಆ ಸಂಖ್ಯೆಗೆ ಹೊಂದುವ ಜಾಗದಲ್ಲಿ ಚಕ್ರ ಹೋಗಿ ನಿಲ್ಲಲಿ. ಕಣ್ಣಿಗೆ ಕಾಣುವ ಚಕ್ರದಲ್ಲಿ 22 ಮನೆಗಳಿದ್ದರೂ ಚಿಪ್‌ನೊಳಗಿನ 'ಕಾಣದ ಚಕ್ರ'ದಲ್ಲಿ 64 ಮನೆಗಳಿರಬಹುದು, 128 ಇರಬಹುದು.

ಇದರ ಪರಿಣಾಮವನ್ನು ಕಾಗದದ ಮೇಲೆ ಹಾಕಿ ನೋಡಿ. ಪ್ರತಿ ಚಕ್ರದ 22 ಮನೆಗಳಲ್ಲಿ ಒಂದೇ ಜಾಕ್‌ಪಾಟ್ ಚಿಹ್ನೆ ಇದೆ ಎಂದುಕೊಳ್ಳಿ. ನೋಡುವವನ ಲೆಕ್ಕದಲ್ಲಿ ಮೂರೂ ಒಟ್ಟಿಗೆ ಬೀಳುವ ಸಾಧ್ಯತೆ 10,648ರಲ್ಲಿ ಒಂದು. ಚಿಪ್‌ನ 64 ಮನೆಗಳಲ್ಲಿ ಆ ಚಿಹ್ನೆಗೆ ಒಂದೇ ಸಂಖ್ಯೆ ಕೊಟ್ಟಿದ್ದರೆ ನಿಜವಾದ ಸಾಧ್ಯತೆ 2,62,144ರಲ್ಲಿ ಒಂದು. ಕಣ್ಣು ನೋಡಿದ್ದಕ್ಕಿಂತ ಸುಮಾರು 25 ಪಟ್ಟು ಕಡಿಮೆ. ಉಳಿದ ಸಂಖ್ಯೆಗಳಲ್ಲಿ ಹೆಚ್ಚಿನ ಪಾಲನ್ನು ಜಾಕ್‌ಪಾಟ್ ಚಿಹ್ನೆಯ ಮೇಲೆ ಮತ್ತು ಕೆಳಗೆ ಇರುವ ಖಾಲಿ ಮನೆಗಳಿಗೆ ಹಂಚಿದರೆ? ಜಾಕ್‌ಪಾಟ್ ಪದೇಪದೇ ಗೆರೆಯ ಒಂದು ಕೂದಲೆಳೆ ಮೇಲೆ ಬಂದು ನಿಲ್ಲುತ್ತದೆ. 'ಛೇ, ಸ್ವಲ್ಪದರಲ್ಲೇ ತಪ್ಪಿತು' ಎಂದು ಆಟಗಾರ ಮತ್ತೆ ಬಟನ್ ಒತ್ತುತ್ತಾನೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ ಎಂಬುದೇ ಸ್ವಾರಸ್ಯ. ಆರಿಸಿದ ಸಂಖ್ಯೆ ನಿಜಕ್ಕೂ ಯಾದೃಚ್ಛಿಕ. ಚಕ್ರ ನಿಂತದ್ದು ಆ ಸಂಖ್ಯೆ ಹೇಳಿದ ಜಾಗದಲ್ಲೇ. ಚಕ್ರವನ್ನು ನೋಡಿ ಸಾಧ್ಯತೆ ಅಳೆಯುವ ಮನುಷ್ಯನ ಅಭ್ಯಾಸ ಮಾತ್ರ ದಾರಿ ತಪ್ಪಿತು.

ಇಂದಿನ ಯಂತ್ರಗಳಲ್ಲಿ ಹೆಚ್ಚಿನವು ಪೂರ್ತಿ ಪರದೆಯವು. ತಿರುಗುವುದೆಲ್ಲ ಚಿತ್ರ. ಬಟನ್ ಒತ್ತಿದ ಕ್ಷಣದಲ್ಲೇ ಫಲಿತಾಂಶ ತೀರ್ಮಾನವಾಗಿರುತ್ತದೆ, ಮುಂದಿನ ಮೂರು ಸೆಕೆಂಡ್ ಕಾಣುವುದು ಅದರ ಪ್ರದರ್ಶನ. ಯಾರೂ ಆಡದಿದ್ದಾಗಲೂ ಒಳಗೆ ಸಂಖ್ಯೆಗಳು ಹುಟ್ಟುತ್ತಲೇ ಇರುತ್ತವೆ. ಹಾಗಾಗಿ 'ನಾನು ಎದ್ದ ಮೇಲೆ ಕುಳಿತವನಿಗೆ ಹೊಡೆಯಿತು, ಇನ್ನೊಂದು ಸಲ ಒತ್ತಿದ್ದರೆ ನನಗೇ ಬರುತ್ತಿತ್ತು' ಎಂಬ ಸಂಕಟಕ್ಕೆ ಅರ್ಥವಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಆಚೀಚೆಯಾದರೂ ಸಂಖ್ಯೆ ಬೇರೆ. 'ತುಂಬಾ ಹೊತ್ತು ಕೊಟ್ಟಿಲ್ಲ, ಈಗ ಕೊಡಲೇಬೇಕು' ಎಂಬ ನಂಬಿಕೆಯೂ ಅಷ್ಟೇ. ಹಿಂದಿನ ಆಟದ ನೆನಪು ಯಂತ್ರಕ್ಕಿಲ್ಲ.

'ಪಾರ್ ಶೀಟ್' ಎಂಬ ಗುಟ್ಟಿನ ಹಾಳೆ

ಪ್ರತಿ ಆಟದ ಹಿಂದೆ ಒಂದು ಲೆಕ್ಕದ ಹಾಳೆ ಇರುತ್ತದೆ. ಉದ್ಯಮದವರು ಅದನ್ನು ಪಾರ್ ಶೀಟ್ ಎನ್ನುತ್ತಾರೆ. ಯಾವ ಚಿಹ್ನೆಗೆ ಎಷ್ಟು ಸಾಧ್ಯತೆ, ಯಾವ ಜೋಡಿಗೆ ಎಷ್ಟು ಹಣ, ದೀರ್ಘಾವಧಿಯಲ್ಲಿ ಆಟಗಾರರಿಗೆ ವಾಪಸಾಗುವುದು ಶೇಕಡಾ ಎಷ್ಟು, ಎಲ್ಲವೂ ಅದರಲ್ಲಿದೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಆರ್‌ಟಿಐಗೆ ಸಮನಾದ ಅಲ್ಲಿನ ಕಾನೂನು ಬಳಸಿ ಇಂಥ ಕೆಲವು ಹಾಳೆಗಳನ್ನು ಹೊರತೆಗೆಸಿದರು. ಆಗ ಹೊರಬಿದ್ದ ಸಂಗತಿಯೊಂದು ಆಟಗಾರರು ತಿಳಿಯಲೇಬೇಕಾದದ್ದು. ಒಂದೇ ಹೆಸರು, ಒಂದೇ ಚಿತ್ರ, ಒಂದೇ ಸಂಗೀತದ ಆಟಕ್ಕೆ ಬೇರೆ ಬೇರೆ ಶೇಕಡಾವಾರಿನ ಹಲವು ಆವೃತ್ತಿಗಳಿರುತ್ತವೆ. ಪಕ್ಕಪಕ್ಕದ ಎರಡು ಯಂತ್ರ ನೋಡಲು ಅವಳಿಗಳಂತಿದ್ದರೂ ಒಂದು ಇನ್ನೊಂದಕ್ಕಿಂತ ಬೇಗ ಜೇಬು ಖಾಲಿ ಮಾಡಬಹುದು. ಹೊರಗಿನಿಂದ ಗುರುತಿಸಲು ದಾರಿಯಿಲ್ಲ.

ಈ ಲೆಕ್ಕಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಇತ್ತೀಚಿನ ಕೋರ್ಟ್ ಕದನವೇ ಸಾಕ್ಷಿ. 2024ರಲ್ಲಿ ಆಸ್ಟ್ರೇಲಿಯಾ ಮೂಲದ ಅರಿಸ್ಟೊಕ್ರಾಟ್ ಕಂಪನಿ ತನ್ನ ಪ್ರತಿಸ್ಪರ್ಧಿ ಲೈಟ್ ಆ್ಯಂಡ್ ವಂಡರ್ ವಿರುದ್ಧ ಅಮೆರಿಕದ ನೆವಾಡಾದಲ್ಲಿ ದಾವೆ ಹೂಡಿತು. ತನ್ನ 'ಡ್ರ್ಯಾಗನ್ ಲಿಂಕ್' ಆಟದ ಗಣಿತವನ್ನು ಪ್ರತಿಸ್ಪರ್ಧಿಯ 'ಡ್ರ್ಯಾಗನ್ ಟ್ರೈನ್' ಬಳಸಿಕೊಂಡಿದೆ ಎಂಬುದು ಮುಖ್ಯ ದೂರು. ಚಿತ್ರ, ಹೆಸರುಗಳ ತಕರಾರೂ ಇತ್ತು. ಆದರೆ ದಾವೆಯ ಜೀವಾಳ ಗಣಿತವೇ ಆಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೋರ್ಟ್ ತಾತ್ಕಾಲಿಕ ತಡೆ ನೀಡಿತು. ಡ್ರ್ಯಾಗನ್ ಟ್ರೈನ್ ಯಂತ್ರಗಳನ್ನು ಕ್ಯಾಸಿನೊಗಳಿಂದ ತೆಗೆಯಬೇಕಾಯಿತು.

ಲ್ಯಾಬ್‌ನಲ್ಲಿ ಏನೇನು ನಡೆಯುತ್ತದೆ?

ಕ್ಯಾಸಿನೊಗೆ ಹೋಗುವ ಮೊದಲು ಆಟ ಎರಡು ಹಂತದ ಪರೀಕ್ಷೆ ದಾಟಬೇಕು. ಮೊದಲನೆಯದು ಕಂಪನಿಯೊಳಗಿನದು. ಭಾರತದ ಟೆಸ್ಟರ್‌ಗಳು ಹೆಚ್ಚಾಗಿ ಇರುವುದು ಇಲ್ಲಿ.

ಜಾಕ್‌ಪಾಟ್ ಬರುವುದು ಲಕ್ಷಾಂತರ ಆಟಗಳಿಗೊಮ್ಮೆ. ಟೆಸ್ಟರ್ ಅಷ್ಟು ಕಾಯಲಾದೀತೇ? ಅದಕ್ಕಾಗಿ ಪರೀಕ್ಷಾ ಆವೃತ್ತಿಯಲ್ಲಿ ಬೇಕಾದ ಫಲಿತಾಂಶವನ್ನು ಬಲವಂತವಾಗಿ ತರಿಸುವ ಸೌಲಭ್ಯ ಇರುತ್ತದೆ. ದೊಡ್ಡ ಗೆಲುವು ಬಂದಾಗ ಮೊತ್ತ ಸರಿಯಾಗಿ ಜಮೆಯಾಗುತ್ತದೆಯೇ, ಬೋನಸ್ ಆಟದ ನಡುವೆ ಇನ್ನೊಂದು ಬೋನಸ್ ಬಂದರೆ ಏನಾಗುತ್ತದೆ, ಚಕ್ರ ತಿರುಗುತ್ತಿರುವಾಗಲೇ ಕರೆಂಟ್ ಹೋಗಿ ಮತ್ತೆ ಬಂದರೆ ಅದೇ ಫಲಿತಾಂಶ ತೋರಿಸುತ್ತದೆಯೇ, ಯಂತ್ರದ ಬಾಗಿಲು ತೆರೆದರೆ ದಾಖಲಾಗುತ್ತದೆಯೇ ಎಂದು ಒಂದೊಂದನ್ನೂ ನೋಡಬೇಕು. ದಿನವಿಡೀ ಜಾಕ್‌ಪಾಟ್ ಹೊಡೆದು ಬರೀ ಸಂಬಳ ತೆಗೆದುಕೊಂಡು ಮನೆಗೆ ಹೋಗುವ ಕೆಲಸ ಜಗತ್ತಿನಲ್ಲಿ ಇದೊಂದೇ ಇರಬೇಕು. ಫಲಿತಾಂಶ ತರಿಸುವ ಆ ಸೌಲಭ್ಯ ಮಾತ್ರ ಅಂತಿಮ ಆವೃತ್ತಿಯಲ್ಲಿ ಒಂದಕ್ಷರವೂ ಉಳಿಯಬಾರದು.

ಎರಡನೆಯದು ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ. ನ್ಯೂಜೆರ್ಸಿಯಲ್ಲಿ 1989ರಲ್ಲಿ ಶುರುವಾದ ಗೇಮಿಂಗ್ ಲ್ಯಾಬೊರೇಟರೀಸ್ ಇಂಟರ್‌ನ್ಯಾಷನಲ್ (ಜಿಎಲ್‌ಐ), ಆಸ್ಟ್ರೇಲಿಯಾ ಮೂಲದ ಬಿಎಂಎಂ ಇವುಗಳಲ್ಲಿ ದೊಡ್ಡವು. ಕಂಪನಿಯಿಂದ ಮೂಲ ಕೋಡ್, ಲೆಕ್ಕದ ಹಾಳೆ, ಯಂತ್ರ ಮೂರೂ ಬರುತ್ತವೆ. ಸಂಖ್ಯೆ ಹುಟ್ಟಿಸುವ ಭಾಗದಿಂದ ಲಕ್ಷಗಟ್ಟಲೆ ಸಂಖ್ಯೆ ತೆಗೆದು ಅವುಗಳಲ್ಲಿ ಯಾವುದಾದರೂ ಮಾದರಿ ಅಡಗಿದೆಯೇ ಎಂದು ಸಂಖ್ಯಾಶಾಸ್ತ್ರದ ಪರೀಕ್ಷೆಗಳಿಂದ ನೋಡುತ್ತಾರೆ. ಆಟವನ್ನು ಕಂಪ್ಯೂಟರ್‌ನಲ್ಲಿ ಕೋಟ್ಯಂತರ ಸಲ ಓಡಿಸಿ ಹಾಳೆಯ ಶೇಕಡಾವಾರಿಗೆ ತಾಳೆ ಹಾಕುತ್ತಾರೆ. ಒಪ್ಪಿಗೆಯಾದ ಸಾಫ್ಟ್‌ವೇರ್‌ಗೆ ಬೆರಳಚ್ಚಿನಂಥ ಒಂದು ಡಿಜಿಟಲ್ ಸಹಿ ಇರುತ್ತದೆ. ಮುಂದೆ ಅಧಿಕಾರಿಗಳು ಕ್ಯಾಸಿನೊಗೆ ಹೋಗಿ ಯಂತ್ರದ ಸಹಿಯನ್ನು ಇದರೊಂದಿಗೆ ಹೋಲಿಸಿದರೆ ಸಾಕು, ಒಂದು ಬಿಟ್ ಬದಲಾಗಿದ್ದರೂ ಗೊತ್ತಾಗುತ್ತದೆ.

ಎಷ್ಟು ವಾಪಸ್ ಕೊಡಬೇಕು ಎಂಬುದಕ್ಕೂ ಕಾನೂನಿದೆ. ನೆವಾಡಾದಲ್ಲಿ ಕನಿಷ್ಠ ಶೇ 75, ನ್ಯೂಜೆರ್ಸಿಯಲ್ಲಿ ಶೇ 83. ಪೈಪೋಟಿಯಿಂದಾಗಿ ವಾಸ್ತವದಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ನೆವಾಡಾದಲ್ಲಂತೂ ಯಂತ್ರಗಳು ಒಟ್ಟಾರೆ ಶೇಕಡಾ ಎಷ್ಟು ಉಳಿಸಿಕೊಂಡವು ಎಂಬುದನ್ನು ಸರ್ಕಾರವೇ ಪ್ರತಿ ತಿಂಗಳು ಪ್ರಕಟಿಸುತ್ತದೆ.

ಬೇಲಿಯೇ ಹೊಲ ಮೇಯ್ದಾಗ

ಇಷ್ಟೆಲ್ಲ ಇದ್ದರೂ ವ್ಯವಸ್ಥೆ ಎಡವಿದೆ. ಎಡವಿದ್ದು ಹೆಚ್ಚಾಗಿ ಒಳಗಿನವರಿಂದಲೇ.

ರೊನಾಲ್ಡ್ ಹ್ಯಾರಿಸ್ ನೆವಾಡಾ ಗೇಮಿಂಗ್ ಕಂಟ್ರೋಲ್ ಬೋರ್ಡ್‌ನ ಉದ್ಯೋಗಿ. ಯಂತ್ರಗಳಲ್ಲಿ ಮೋಸವಿದೆಯೇ ಎಂದು ಪರೀಕ್ಷಿಸುವುದೇ ಆತನ ಕೆಲಸ. 1990ರ ದಶಕದಲ್ಲಿ ಆತ ಮಾಡಿದ್ದು ಹೀಗೆ: ಯಂತ್ರಗಳನ್ನು ತಪಾಸಣೆ ಮಾಡುವ ಸಾಫ್ಟ್‌ವೇರಿನೊಳಗೇ ತನ್ನ ಕೋಡ್ ಸೇರಿಸಿದ. ತಪಾಸಣೆಗೆ ಹೋದ ಅಧಿಕಾರಿಗಳು ತಮಗೆ ಅರಿವಿಲ್ಲದೆಯೇ ಆ ಕೋಡನ್ನು ಯಂತ್ರಗಳಿಗೆ ತುಂಬಿ ಬಂದರು. ಆಮೇಲೆ ನಾಣ್ಯಗಳನ್ನು ನಿರ್ದಿಷ್ಟ ಕ್ರಮದಲ್ಲಿ ಹಾಕಿದರೆ ಯಂತ್ರ ಹಣ ಸುರಿಸುತ್ತಿತ್ತು. 1995ರ ಜನವರಿಯಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಆತನ ಜತೆಗಾರ ಕೀನೋ ಆಟದಲ್ಲಿ ಒಂದು ಲಕ್ಷ ಡಾಲರ್ ಗೆದ್ದ. ಗೆಲುವು ಅನುಮಾನ ಹುಟ್ಟಿಸಿತು, ಇಬ್ಬರೂ ಸಿಕ್ಕಿಬಿದ್ದರು.

ಇನ್ನೊಂದು ಪ್ರಕರಣ ಲಾಟರಿಯದು, ಆದರೆ ಪಾಠ ಒಂದೇ. ಅಮೆರಿಕದ ಹಲವು ರಾಜ್ಯಗಳ ಲಾಟರಿ ನಡೆಸುವ ಸಂಘದಲ್ಲಿ ಎಡ್ಡಿ ಟಿಪ್ಟನ್ ಮಾಹಿತಿ ಭದ್ರತೆಯ ಅಧಿಕಾರಿ. ಡ್ರಾ ಮಾಡುವ ಕಂಪ್ಯೂಟರ್‌ಗೆ ಕೋಡ್ ಬರೆದವನೂ ಅವನೇ. ವರ್ಷದ ಮೂರು ದಿನ, ಅಂದರೆ ಮೇ 27, ನವೆಂಬರ್ 23 ಮತ್ತು ಡಿಸೆಂಬರ್ 29, ಅದೂ ಬುಧವಾರ ಅಥವಾ ಶನಿವಾರ ಬಿದ್ದರೆ, ರಾತ್ರಿ ಎಂಟರ ನಂತರ ಮಾತ್ರ ಸಂಖ್ಯೆಗಳು ಅವನ ಲೆಕ್ಕದಂತೆ ಬರುತ್ತಿದ್ದವು. ಉಳಿದ ದಿನಗಳಲ್ಲಿ ಎಲ್ಲವೂ ಶುದ್ಧ. ಸ್ವತಂತ್ರ ಪರೀಕ್ಷೆಯನ್ನು ಆ ಕೋಡ್ ಸಲೀಸಾಗಿ ದಾಟಿತ್ತು. ಪರೀಕ್ಷೆಗೆ ಸಿಕ್ಕ ಸಂಖ್ಯೆಗಳಲ್ಲಿ ದೋಷವಿರಲಿಲ್ಲ, ನಿಜ. ದೋಷ ಇದ್ದದ್ದು ಕ್ಯಾಲೆಂಡರ್‌ನಲ್ಲಿ. 2010ರ ಡಿಸೆಂಬರ್ 29, ಬುಧವಾರದ ಡ್ರಾದಲ್ಲಿ 1.65 ಕೋಟಿ ಡಾಲರ್ ಬಹುಮಾನದ ಟಿಕೆಟ್ ಅವನದೇ ಆಗಿತ್ತು. ಅಂಗಡಿಯ ಸಿಸಿಟಿವಿ ದೃಶ್ಯದಲ್ಲಿ ಅವನ ದನಿಯನ್ನು ಪರಿಚಿತರು ಗುರುತಿಸಿದರು. 2017ರಲ್ಲಿ ತಪ್ಪೊಪ್ಪಿಕೊಂಡ ಅವನಿಗೆ 25 ವರ್ಷಗಳವರೆಗಿನ ಶಿಕ್ಷೆಯಾಯಿತು, 2022ರಲ್ಲಿ ಪೆರೋಲ್ ಮೇಲೆ ಹೊರಬಂದ.

ಹೊರಗಿನವರೂ ಸುಮ್ಮನಿರಲಿಲ್ಲ. 2009ರಲ್ಲಿ ರಷ್ಯಾ ವಿಶೇಷ ವಲಯಗಳನ್ನು ಬಿಟ್ಟು ಉಳಿದೆಡೆ ಕ್ಯಾಸಿನೊ ಮುಚ್ಚಿಸಿತು. ಹಳೆಯ ಯಂತ್ರಗಳು ಅಗ್ಗಕ್ಕೆ ಮಾರಾಟವಾದವು. ಸೇಂಟ್ ಪೀಟರ್ಸ್‌ಬರ್ಗ್‌ನ ತಂಡವೊಂದು ಅವುಗಳನ್ನು ಬಿಚ್ಚಿ ಸಂಖ್ಯೆ ಹುಟ್ಟುವ ಸೂತ್ರವನ್ನೇ ಕಂಡುಹಿಡಿಯಿತು. ಕಂಪ್ಯೂಟರ್ ಹುಟ್ಟಿಸುವ 'ಯಾದೃಚ್ಛಿಕ' ಸಂಖ್ಯೆ ಅಸಲಿಗೆ ಸೂತ್ರದಿಂದಲೇ ಬರುವಂಥದ್ದು. ಸೂತ್ರ ಮತ್ತು ಸದ್ಯದ ಸ್ಥಿತಿ ತಿಳಿದವನಿಗೆ ಮುಂದಿನದೂ ತಿಳಿಯುತ್ತದೆ. 2014ರ ಜೂನ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕ್ಯಾಸಿನೊವೊಂದರಲ್ಲಿ ಕೆಲವು ಹಳೆಯ ಯಂತ್ರಗಳು ಅತಿಯಾಗಿ ಹಣ ಕೊಡುತ್ತಿರುವುದು ಕಂಡುಬಂತು. ಕ್ಯಾಮೆರಾ ನೋಡಿದರೆ ಆಟಗಾರನೊಬ್ಬ ಫೋನನ್ನು ಪರದೆಗೆ ಹಿಡಿದು ಎರಡು ಡಜನ್‌ನಷ್ಟು ಆಟ ಚಿತ್ರೀಕರಿಸಿಕೊಳ್ಳುತ್ತಿದ್ದ. ರಷ್ಯಾದಲ್ಲಿ ಕುಳಿತವರು ಲೆಕ್ಕ ಹಾಕಿ ಕಳಿಸಿದ ಮೇಲೆ ಅವನ ಫೋನ್ ಕಂಪಿಸಿದ ಕೂಡಲೇ ಬಟನ್ ಒತ್ತುತ್ತಿದ್ದ. ಅಷ್ಟೇ ಉಪಾಯ.

ಮೂರೂ ಪ್ರಕರಣಗಳಲ್ಲಿ ಪೊಲೀಸರು ಬಂದರು, ಕೋರ್ಟ್ ನಡೆಯಿತು, ಜೈಲಾಯಿತು. ಹಣ ಕಳೆದುಕೊಂಡದ್ದು ಅಥವಾ ಕಳೆದುಕೊಳ್ಳಬೇಕಿದ್ದದ್ದು ಕ್ಯಾಸಿನೊ ಮತ್ತು ಲಾಟರಿ ನಡೆಸುವವರು ಎಂಬುದನ್ನೂ ಗಮನಿಸಬೇಕು.

ಪರೀಕ್ಷೆ ಕೇಳದ ಪ್ರಶ್ನೆ

ಯಂತ್ರ ಹಾಳೆಯಲ್ಲಿ ಬರೆದಂತೆಯೇ ನಡೆಯುತ್ತದೆಯೇ? ಪ್ರಯೋಗಾಲಯದ ಪ್ರಶ್ನೆ ಇದೊಂದೇ. ಹಾಳೆಯಲ್ಲಿ ಬರೆದದ್ದು ಎದುರು ಕುಳಿತವನಿಗೆ ಏನು ಮಾಡುತ್ತದೆ ಎಂಬುದು ಅದರ ಕೆಲಸವಲ್ಲ.

'ಶೇ 90 ವಾಪಸ್' ಎಂದರೆ ಸಾವಿರ ರೂಪಾಯಿ ತಂದವನು ಒಂಬೈನೂರು ಹಿಡಿದುಕೊಂಡು ಹೋಗುತ್ತಾನೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಪ್ರತಿ ಆಟಕ್ಕೆ ಅನ್ವಯಿಸುವ ಸರಾಸರಿ. ಒಂದು ಆಟಕ್ಕೆ 10 ರೂಪಾಯಿಯಂತೆ ಗಂಟೆಗೆ 600 ಆಟವಾಡಿದರೆ ಹೂಡಿದ್ದು 6,000 ರೂಪಾಯಿ, ಸರಾಸರಿ ನಷ್ಟ 600. ಗೆದ್ದದ್ದನ್ನೆಲ್ಲ ಮತ್ತೆ ಮತ್ತೆ ಹಾಕುತ್ತ ಸಾವಿರ ರೂಪಾಯಿಯ ಗಂಟನ್ನು ಹತ್ತು ಸುತ್ತು ತಿರುಗಿಸಿದರೆ ಸರಾಸರಿ ಉಳಿಯುವುದು 349 ರೂಪಾಯಿ. ಮಟ್ಕಾ ಕಟ್ಟಿದವನು ಫಲಿತಾಂಶಕ್ಕೆ ರಾತ್ರಿವರೆಗೆ ಕಾಯಬೇಕು. ಇಲ್ಲಿ ಕಾಯುವುದು ಮೂರೇ ಸೆಕೆಂಡ್. ವೇಗವೇ ಈ ಆಟದ ಅಸಲು ಬಂಡವಾಳ.

ಇನ್ನೊಂದು ತಂತ್ರ ಇನ್ನೂ ಸೂಕ್ಷ್ಮ. ಹೊಸ ಯಂತ್ರಗಳಲ್ಲಿ ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು ಗೆರೆಗಳ ಮೇಲೆ ಬಾಜಿ ಕಟ್ಟಬಹುದು. 20 ರೂಪಾಯಿ ಕಟ್ಟಿದವನಿಗೆ ಒಂದು ಗೆರೆಯಲ್ಲಿ 6 ರೂಪಾಯಿ ಬಂತು ಎನ್ನಿ. ಕಳೆದುಕೊಂಡದ್ದು 14. ಆದರೆ ಯಂತ್ರ ದೀಪ ಮಿನುಗಿಸಿ, ಗೆದ್ದಾಗಿನದೇ ಸಂಗೀತ ನುಡಿಸುತ್ತದೆ. ವಾಟರ್ಲೂ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರ ಚರ್ಮದ ಬೆವರನ್ನು ಅಳೆದು ನೋಡಿದರು. ಇಂಥ 'ಗೆಲುವಿನ ವೇಷದ ಸೋಲಿ'ಗೂ ದೇಹ ನಿಜವಾದ ಗೆಲುವಿಗೆ ಸ್ಪಂದಿಸುವ ಹಾಗೆಯೇ ಸ್ಪಂದಿಸುತ್ತಿತ್ತು. ಲಾಸ್ ವೇಗಾಸ್‌ನಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ 2012ರ ತಮ್ಮ ಪುಸ್ತಕ 'ಅಡಿಕ್ಷನ್ ಬೈ ಡಿಸೈನ್'ನಲ್ಲಿ ಹೇಳುವುದೂ ಇದನ್ನೇ: ಚಟ ಬರೀ ಆಟಗಾರನ ದೌರ್ಬಲ್ಯವಲ್ಲ, ಯಂತ್ರವನ್ನು ರೂಪಿಸಿದ ಬಗೆಯಲ್ಲೂ ಅದರ ಬೇರಿದೆ.

ಈ ದಿಕ್ಕಿನಲ್ಲಿ ನಿಯಮಕ್ಕೆ ಕೈಹಾಕಿದ್ದು ಬ್ರಿಟನ್. 2021ರ ಅಕ್ಟೋಬರ್ 31ರಿಂದ ಅಲ್ಲಿನ ಆನ್‌ಲೈನ್ ಸ್ಲಾಟ್‌ಗಳಲ್ಲಿ ಒಂದು ಆಟ 2.5 ಸೆಕೆಂಡಿಗಿಂತ ಬೇಗ ಮುಗಿಯುವಂತಿಲ್ಲ, ತಾನಾಗಿ ಓಡುವ 'ಆಟೊ ಪ್ಲೇ' ಇರುವಂತಿಲ್ಲ, ಕಟ್ಟಿದ್ದಕ್ಕಿಂತ ಹೆಚ್ಚು ಬಾರದಿದ್ದರೆ ಗೆಲುವಿನ ಸದ್ದು ಮಾಡುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಒಂದು ಆಟಕ್ಕೆ ಗರಿಷ್ಠ 5 ಪೌಂಡ್ ಮಿತಿ ಬಂತು, ಮೇ ತಿಂಗಳಿಂದ 18ರಿಂದ 24 ವರ್ಷದವರಿಗೆ 2 ಪೌಂಡ್. ಟೆಸ್ಟರ್ ಪಟ್ಟಿಗೆ ಹೊಸ ಸಾಲು ಸೇರಿತು: ಸೋತಾಗ ಸದ್ದು ಬರುತ್ತಿಲ್ಲ ತಾನೆ? ಸಣ್ಣ ಸಾಲೇ. ಆದರೆ ಲೆಕ್ಕದ ಹಾಳೆಯನ್ನು ದಾಟಿ ಮನುಷ್ಯನ ಕಡೆ ನೋಡಿದ ಸಾಲು ಅದು.

ಕೋಡ್ ಇಲ್ಲಿಯದು, ಆಟ ಅಲ್ಲಿಯದು

ಬಾಲಿ ಟೆಕ್ನಾಲಜೀಸ್ ಹಲವು ವರ್ಷಗಳ ಹಿಂದೆಯೇ ಚೆನ್ನೈ ಮತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೇಂದ್ರ ತೆರೆದಿತ್ತು. 2014ರಲ್ಲಿ ಅದನ್ನು ಸೈಂಟಿಫಿಕ್ ಗೇಮ್ಸ್ ಕೊಂಡಿತು. ಆ ಕಂಪನಿಯೇ 2022ರಲ್ಲಿ ಲೈಟ್ ಆ್ಯಂಡ್ ವಂಡರ್ ಆಯಿತು. ಪುಣೆಯಲ್ಲೂ ಅದರ ಕಚೇರಿಯಿದೆ. ಅರಿಸ್ಟೊಕ್ರಾಟ್‌ನ ಕೇಂದ್ರ ನೋಯ್ಡಾದಲ್ಲಿದೆ. ಈ ಕಚೇರಿಗಳಲ್ಲಿ ಸಾಲಾಗಿ ನಿಂತ ಯಂತ್ರಗಳು ಡಾಲರ್ ಲೆಕ್ಕದಲ್ಲಿ ಓಡುತ್ತವೆ. ಅವುಗಳಲ್ಲೊಂದನ್ನು ಎದುರಿನ ಅಂಗಡಿಯಲ್ಲಿಟ್ಟು ದುಡ್ಡು ಹಾಕಿಸಿಕೊಂಡರೆ ಪೊಲೀಸರು ಬರುತ್ತಾರೆ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ, ತಮಿಳುನಾಡಿನಲ್ಲಿ 1930ರ ಗೇಮಿಂಗ್ ಕಾಯ್ದೆ, ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ. ಮಹಾರಾಷ್ಟ್ರದ್ದಂತೂ ವಿಚಿತ್ರ ಕಥೆ. ಕ್ಯಾಸಿನೊಗೆ ಅವಕಾಶ ಕೊಡುವ ಕಾಯ್ದೆಯನ್ನು 1976ರಲ್ಲೇ ಮಾಡಿ, ಒಂದು ದಿನವೂ ಜಾರಿಗೆ ತಾರದೆ, 2023ರಲ್ಲಿ ರದ್ದು ಮಾಡಲಾಯಿತು.

ಹಾಗಂತ ಇಲ್ಲಿಯವರು ಆಡುವುದಿಲ್ಲವೇ? ಬೆಳಗಾವಿ, ಹುಬ್ಬಳ್ಳಿಯಿಂದ ಪಣಜಿ ಕೆಲವೇ ಗಂಟೆಗಳ ದಾರಿ. ಪುಣೆ, ಮುಂಬೈ, ಹೈದರಾಬಾದ್‌ಗಳಿಂದ ವಾರಾಂತ್ಯದ ವಿಮಾನಗಳಿವೆ. ಗೋವಾದ ಜೂಜು ಕಾಯ್ದೆಗೆ ಸೇರಿಸಿದ 13ಎ ಕಲಮು ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಮಷೀನ್‌ಗಳಿಗೆ, ನೀರಿನ ಮೇಲಿನ ಹಡಗುಗಳಲ್ಲಿ ಟೇಬಲ್ ಆಟಗಳಿಗೂ ಅವಕಾಶ ಕೊಡುತ್ತದೆ. ಗೋವಾದವರೇ ಆಡಬಾರದು ಎಂದು 2020ರಲ್ಲಿ ಅಲ್ಲಿನ ಸರ್ಕಾರ ನಿರ್ಬಂಧ ಹಾಕಿತು. ತನ್ನವರಿಗೆ ಬೇಡವಾದದ್ದು ನೆರೆಯವರಿಗೆ ಇರಲಿ ಎಂಬ ಏರ್ಪಾಡು. ಆದರೆ ಅನುಮತಿ ಕೊಡುವ ಆ ಕಲಮು, ಯಂತ್ರ ಕನಿಷ್ಠ ಶೇಕಡಾ ಎಷ್ಟು ವಾಪಸ್ ಕೊಡಬೇಕು ಎಂದು ನೆವಾಡಾದ ನಿಯಮದಂತೆ ಸಂಖ್ಯೆ ಹೇಳುವುದಿಲ್ಲ. ಕ್ಯಾಸಿನೊಗೆ ಹೋದವನ ಹಣದ ಮೇಲೆ 2023ರ ಅಕ್ಟೋಬರ್‌ನಿಂದ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40 ಜಿಎಸ್‌ಟಿ ಇದೆ. ತೆರಿಗೆಯ ಶೇಕಡಾ ಮಾತ್ರ ಎಲ್ಲರಿಗೂ ಗೊತ್ತು.

ಯಂತ್ರದ ಒಳಗೇನಿದೆ ಎಂಬ ಪ್ರಶ್ನೆ ನಮ್ಮ ಕೋರ್ಟ್‌ಗಳಿಗೆ ಹೊಸದೇನಲ್ಲ. ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರ್‌ಗಳ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 1995ರ ಎಂ.ಜೆ. ಶಿವಾನಿ ತೀರ್ಪಿನಲ್ಲಿ ಕೋರ್ಟ್, ಇಂಥ ಯಂತ್ರಗಳಿಗೆ ಲೈಸೆನ್ಸ್ ಬೇಕೇ ಬೇಕು ಎಂಬ ಕರ್ನಾಟಕದ ನಿಲುವನ್ನು ಎತ್ತಿಹಿಡಿಯಿತು. ಆದರೆ ಲೈಸೆನ್ಸ್ ಎಂದರೆ ಕಾಗದ. ಕೋಡ್ ಬಿಚ್ಚಿ ನೋಡುವ ಸರ್ಕಾರಿ ಪ್ರಯೋಗಾಲಯದ ಮಾತು ಅಲ್ಲಿಂದ ಮುಂದೆ ಬೆಳೆಯಲಿಲ್ಲ.

ಮೊಬೈಲ್ ಬಂದ ಮೇಲೆ ಅವಕಾಶ ಮತ್ತೊಮ್ಮೆ ಬಂದಿತ್ತು. 2023ರ ಏಪ್ರಿಲ್‌ನ ಐಟಿ ನಿಯಮಗಳು ಆನ್‌ಲೈನ್ ಹಣದ ಆಟಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಸ್ವಯಂ ನಿಯಂತ್ರಣ ಸಂಸ್ಥೆಗಳ ಪ್ರಸ್ತಾಪ ಇಟ್ಟವು. ಒಂದೂ ಸಂಸ್ಥೆ ನೇಮಕವಾಗಲಿಲ್ಲ. ಕೊನೆಗೆ 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಗೆ ಒಪ್ಪಿಗೆ ಕೊಟ್ಟವು, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ನೋಡದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ಅದು ನಿಷೇಧಿಸುತ್ತದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ.

ಸಾಲ ಮಾಡಿ ಆಡಿ ಮನೆ ಹಾಳಾದವರ ಸುದ್ದಿ ವರ್ಷಗಟ್ಟಲೆ ಓದಿದವರಿಗೆ ಈ ನಿಷೇಧ ಸರಿ ಎನಿಸುವುದು ಸಹಜ. ಆದರೆ ನಿಷೇಧ ತಟ್ಟುವುದು ಇಲ್ಲಿ ವಿಳಾಸ ಇದ್ದವರಿಗೆ. ಯಾವುದೋ ದ್ವೀಪದ ಲೈಸೆನ್ಸ್ ತೋರಿಸಿ, ಒಂದು ವೆಬ್ ವಿಳಾಸ ಮುಚ್ಚಿದರೆ ಇನ್ನೊಂದರಲ್ಲಿ ತೆರೆದುಕೊಳ್ಳುವ ಸ್ಲಾಟ್ ಆ್ಯಪ್‌ಗಳಿಗೆ ಅಲ್ಲ. ಹೆಸರಾಂತ ಕಂಪನಿಗಳ ಆಟದ ಚಿತ್ರ, ಸಂಗೀತಗಳನ್ನೇ ನಕಲು ಮಾಡಿ ಒಳಗಿನ ಗಣಿತ ಬದಲಿಸಿದ ಖೋಟಾ ಸ್ಲಾಟ್‌ಗಳೂ ಇಂಥ ಜಾಲತಾಣಗಳಲ್ಲಿ ಓಡುತ್ತವೆ. ಅಲ್ಲಿ ಪಾರ್ ಶೀಟ್ ಇಲ್ಲ, ಸಹಿ ಇಲ್ಲ, ದೂರು ಕೊಡಲು ಕಿಟಕಿಯಿಲ್ಲ. ನ್ಯೂಯಾರ್ಕ್‌ನ ಮಹಿಳೆಗೆ ಕನಿಷ್ಠ ಯಂತ್ರ ಕೆಟ್ಟಿತ್ತು ಎಂದು ಹೇಳಲು ಒಂದು ಆಯೋಗವಿತ್ತು.

ಮಾಂಡವಿಯ ಹಡಗುಗಳಂಥ ಕಟ್ಟಡ, ಲೈಸೆನ್ಸ್ ಇರುವ ಕ್ಯಾಸಿನೊಗಳು ಈ ಆನ್‌ಲೈನ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಬ್ರಿಟನ್ನಿನ ಯಂತ್ರದ ಮೇಲೆ ವಾಪಸಾತಿಯ ಶೇಕಡಾ ಕಾಣುವಂತೆ ಬರೆದಿರಲೇಬೇಕು. ಅದನ್ನು ಗೋವಾದಲ್ಲಿ ಕಡ್ಡಾಯ ಮಾಡಲು ಹೊಸ ತಂತ್ರಜ್ಞಾನವಾಗಲಿ, ವಿದೇಶಿ ಪರಿಣತರಾಗಲಿ ಬೇಕಿಲ್ಲ. ಆ ಲೆಕ್ಕವನ್ನು ಪರೀಕ್ಷಿಸಬಲ್ಲವರು ಬೆಂಗಳೂರು, ಚೆನ್ನೈ, ಪುಣೆಯ ಕಚೇರಿಗಳಲ್ಲಿ ಅದೇ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದಾರೆ. ಸದ್ಯಕ್ಕೆ ಅವರು ಪರೀಕ್ಷಿಸುತ್ತಿರುವುದು ನೆವಾಡಾದವರಿಗಾಗಿ.